ಬಿಳಿ ಅಕ್ಷರ ಹೊರಗೋ ಒಳಗೋ?

ಮಳೆ ಸರಿಯಾಗಿ ಹಿಡಿದಿದೆ. ಅಡಿಕೆಗೆ ಮದ್ದು ಬಿಟ್ಟದ್ದು ಅರ್ಧ ತೋಟಕ್ಕೆ ಮಾತ್ರ. ಇನ್ನರ್ಧಕ್ಕೆ ಒಂದು ಹೊತ್ತಿನ ಬಿಸಿಲು ಬೇಕು, ಮೈಲುತುತ್ತು ಬೇಕು, ಮರ ಹತ್ತುವವರು ಸಿಗಬೇಕು. ಇಷ್ಟೆಲ್ಲ ತಲೆಬಿಸಿ ಇರುವಾಗ ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದವರೆಗೆ ಯಾವ ಜಗಲಿಯಲ್ಲಿ ಕೂತರೂ ನಡೆಯುವ ಚರ್ಚೆ ಎಂತದ್ದು ಗೊತ್ತುಂಟಾ? ಜೀಪಿಗೆ ಎಟಿ ಟೈರ್ ಹಾಕಿಸುವಾಗ ಅದರ ಒಂದು ಪಕ್ಕದಲ್ಲಿರುವ ಹೆಸರಿನ ಬಿಳಿ ಅಕ್ಷರ ಹೊರಗೆ ಬರಬೇಕೋ, ಒಳಗೆ ಹೋಗಬೇಕೋ!

ಸಲಹೆ ಕೇಳುವ ಕ್ರಮವೂ ಚಂದ. ಕೇಳುವವರ ಮೊಬೈಲಿನಲ್ಲಿ ಟೈರಿನ ಫೋಟೋ ಆಗಲೇ ಇರುತ್ತದೆ, ಅಂಗಡಿಗೆ ಅಡ್ವಾನ್ಸ್ ಕೊಟ್ಟೂ ಆಗಿರುತ್ತದೆ. ನಾವು ಹೇಳಬೇಕಾದ್ದು "ಲಾಯ್ಕುಂಟು ಮಾರಾಯ್ರೆ" ಎಂಬುದಷ್ಟೇ. ಅದು ಬಿಟ್ಟು ಕಾರಣ ಹೇಳಲು ಹೊರಟರೆ ಮುಖ ಸಣ್ಣದಾಗುತ್ತದೆ. ಆಗಲಿ. ಮುಖ ಸಣ್ಣದಾಗಿಯಾದರೂ ಟೈರ್ ಸಣ್ಣದಾದರೆ ಲಾಭವೇ.

ಎಚ್‌ಟಿ (ಹೈವೇ ಟೆರೇನ್) ಡಾಮರಿನ ಟೈರ್, ಎಂಟಿ (ಮಡ್ ಟೆರೇನ್) ಕೆಸರಿನ ಟೈರ್, ಎಟಿ (ಆಲ್ ಟೆರೇನ್) ಎರಡಕ್ಕೂ ಅಷ್ಟಷ್ಟು ಒಗ್ಗಿಕೊಂಡದ್ದು. ವ್ಯತ್ಯಾಸ ಇರುವುದು ಬಟನ್‌ಗಳ, ಅಂದರೆ ಟೈರಿನ ಮೈಮೇಲೆ ಎದ್ದು ನಿಂತ ರಬ್ಬರ್ ತುಂಡುಗಳ, ನಡುವಿನ ಖಾಲಿ ಜಾಗದಲ್ಲಿ. ಎಂಟಿಯಲ್ಲಿ ಬಟನ್‌ಗಳು ದೂರದೂರ. ನಡುವೆ ಕೆಸರು ತುಂಬಿದರೂ ಚಕ್ರ ತಿರುಗುವ ರಭಸಕ್ಕೆ ಎಸೆದುಬಿಡುತ್ತದೆ. ಅದೇ ಕಾರಣಕ್ಕೆ ಡಾಮರಿಗೆ ತಾಗುವ ರಬ್ಬರ್ ಕಡಿಮೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ನಿಲ್ಲಲು ಹೆಚ್ಚು ದೂರ ಬೇಕು. ಎಟಿಯಲ್ಲಿ ಬಟನ್‌ಗಳು ಹತ್ತಿರ ಹತ್ತಿರ, ಅವುಗಳ ಮೈಮೇಲೆ ಸಪೂರ ಸೀಳುಗಳು. ಒದ್ದೆ ಡಾಮರನ್ನೂ ಕಲ್ಲನ್ನೂ ಹಿಡಿಯುವುದು ಆ ಸೀಳುಗಳ ಅಂಚು. ಈಗ ನಿಮ್ಮ ದಾರಿಯ ಲೆಕ್ಕ ಹಾಕಿ. ಪೆರ್ಲದಿಂದ ಕಾಸರಗೋಡು ಪೇಟೆಗೆ ಹೋಗಿ ಬರುವುದೆಂದರೆ ಚೆರ್ಕಳ-ಕಲ್ಲಡ್ಕ ರಸ್ತೆಯ ಡಾಮರು, ಮತ್ತೆ ಹೆದ್ದಾರಿ 66. ಮಣ್ಣು ಇರುವುದು ಗೇಟಿನಿಂದ ಅಂಗಳದವರೆಗೆ. ಆ ತುಂಡು ದಾರಿಗೆಂದು ಎಂಟಿ ಹಾಕಿಸಿದವರು ಉಳಿದ ದಾರಿಯುದ್ದಕ್ಕೂ ಹೆಲಿಕಾಪ್ಟರಿನೊಳಗೆ ಕೂತ ಹಾಗೆ ಮಾತಾಡುತ್ತಾರೆ. ಹಿಂದಿನ ಸೀಟಿನಿಂದ ಅಕ್ಕ ಕೇಳುವುದು "ಎಂತ ಹೇಳಿದ್ದು?" ಎಂದು ಮಾತ್ರ. ಬದಿಯಡ್ಕ ದಾಟುವಷ್ಟರಲ್ಲಿ ಅದನ್ನೂ ಕೇಳುವುದು ಬಿಡುತ್ತಾರೆ.

ಇಷ್ಟಾಗಿ ನಮ್ಮ ನೆಲದ ಜಾತಕವೇ ಬೇರೆ. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ, ಅಡಿಯಲ್ಲಿ ಕೆಂಪು ಮುರಕಲ್ಲು. ಜುಲೈ ಬಂತೆಂದರೆ ಇಳಿಜಾರಿಗೆ ಪಾಚಿ ಹಿಡಿಯುತ್ತದೆ. ಬಟನ್ ಕಚ್ಚಬೇಕಾದರೆ ಕಚ್ಚುವಷ್ಟು ಆಳದ ಮಣ್ಣು ಬೇಕಲ್ಲ? ಇಲ್ಲಿ ಮೇಲೆ ಉಗುರಿನಷ್ಟು ಜಾರು, ಕೆಳಗೆ ಗಟ್ಟಿ ಕಲ್ಲು. ಇಂಥಲ್ಲಿ ಎಂಟಿ ಎಟಿಗಿಂತ ಹೆಚ್ಚೇ ಜಾರಬಹುದು. ನಿಜ ಹೇಳಬೇಕೆಂದರೆ ಪಾಚಿಯ ಇಳಿಜಾರಿಗೆ ಸರಿಯಾದ ಮದ್ದು ಬ್ಲೀಚಿಂಗ್ ಪೌಡರ್ ಮತ್ತು ಒಂದು ಹಿಡಿಸೂಡಿ. ಆದರೆ ಹಿಡಿಸೂಡಿ ಹಿಡಿದು ತೆಗೆದ ಫೋಟೋವನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ.

ಅಳತೆಗೆ ಬರೋಣ. ಮೂರು ಬಾಗಿಲಿನ ಮಹೀಂದ್ರಾ ಥಾರ್‌ನಲ್ಲಿ 18 ಇಂಚಿನ ರಿಮ್ಮಿನದ್ದಕ್ಕೆ ಕಂಪೆನಿ ಟೈರ್ 255/65 ಆರ್18. ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 65 ಪಾಲು, ರಿಮ್ 18 ಇಂಚು. ಲೆಕ್ಕ ಮಾಡಿದರೆ ವ್ಯಾಸ 789 ಮಿ.ಮೀ. "ನೋಡಲು ಗತ್ತು ಬೇಕು" ಎಂದು 285/65ಕ್ಕೆ ಹಾರಿದರೆ 828. ನೆಲದಿಂದ ಸಿಕ್ಕಿದ ಎತ್ತರ ಈ ವ್ಯತ್ಯಾಸದ ಅರ್ಧ, ಎರಡು ಸೆಂಟಿಮೀಟರು. ಆ ಎರಡು ಸೆಂಟಿಮೀಟರಿಗೆ ಕೊಡುವ ಬೆಲೆ ನೋಡಿ. ಮೀಟರಿನಲ್ಲಿ 80 ಕಾಣುವಾಗ ನಿಜವಾದ ವೇಗ 84. ಗಿಯರ್‌ಗಳೆಲ್ಲ ಸುಮಾರು ನೂರಕ್ಕೆ ಐದರಷ್ಟು ಉದ್ದವಾದಂತಾಗಿ ಹತ್ತುದಾರಿಯಲ್ಲಿ ಎಳೆತ ಕುಂದುತ್ತದೆ. ಟೈರಿನ ತೂಕ ಹೆಚ್ಚಿ ಮೈಲೇಜ್ ಇಳಿಯುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಎಲ್ಲೋ ಕರಕರ ಎನ್ನುತ್ತದೆ. ಅಂಗಡಿಯ ಸಪಾಟು ನೆಲದಲ್ಲಿ ಈ ಕರಕರ ಕೇಳಿಸದೆ ಇರಬಹುದು. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿದ ನಂತರವೇ ದುಡ್ಡು ಕೊಡಿ.

ಟೈರ್ ಬಾಡಿಯಿಂದ ಹೊರಗೆ ಚಾಚಿದರಂತೂ ರಸ್ತೆಬದಿ ಕಾಯುವ ಮೋಟಾರು ವಾಹನ ಇಲಾಖೆಯವರಿಗೆ ದೂರದಿಂದಲೇ ಕಾಣುತ್ತದೆ. ಕಂಪೆನಿ ಮಾಡಿದ್ದನ್ನು ಮನಸ್ಸು ಬಂದ ಹಾಗೆ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಎತ್ತಿ ಹೇಳಿದ್ದು ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ.

ಅಗಲದ ಟೈರಿಗೆ ಇಲ್ಲಿ ಇನ್ನೊಂದು ಶತ್ರು ಉಂಟು. ತೋಟದ ದಾರಿಗೆ ನಾವು ಹಾಕಿಸುವುದು ಎರಡು ಪಟ್ಟಿ ಕಾಂಕ್ರೀಟ್, ನಡುವೆ ಹುಲ್ಲು. ಎರಡು ಮಳೆಗಾಲ ಕಳೆದರೆ ಪಟ್ಟಿಯ ಪಕ್ಕದ ಮಣ್ಣು ಕೊಚ್ಚಿಹೋಗಿ ಅಂಚು ಕತ್ತಿಯ ಬಾಯಾಗುತ್ತದೆ. ಅಗಲದ ಟೈರ್ ಪಟ್ಟಿಯಿಂದ ಹೊರಗೆ ಜಾರಿ ಪಕ್ಕದ ಗೋಡೆಯನ್ನು ಆ ಅಂಚಿಗೆ ಉಜ್ಜಿಕೊಳ್ಳುತ್ತದೆ. ಬಟನಿನ ಭಾಗಕ್ಕೆ ಮೊಳೆ ಹೊಕ್ಕರೆ ಪಂಚರ್ ಹಾಕಬಹುದು. ಪಕ್ಕ ಸೀಳಿದರೆ ಟೈರ್ ಬಿಸಾಡುವುದೇ. ಹಾಗಾಗಿ ಮುರಕಲ್ಲಿನ ಅಗಳು, ಕಡಿದ ಬಿದಿರಿನ ಕುತ್ತಿ ಇರುವ ದಾರಿಯವರು ಪಕ್ಕದ ಗೋಡೆ ಮೂರು ಪದರದ್ದೋ ಎಂದು ಕೇಳಿ ಕೊಳ್ಳಬೇಕು. ಅಂಥದ್ದು ಬಿಗಿ ಇರುತ್ತದೆ, ಸೊಂಟಕ್ಕೆ ಗೊತ್ತಾಗುತ್ತದೆ. ಈ ವಿಷಯದಲ್ಲಿ ಮಾರುತಿ ಜಿಮ್ನಿಯವರು ಪುಣ್ಯವಂತರು. ಅವರದ್ದು 195/80 ಆರ್15, ಸಪೂರ, ಪಕ್ಕದ ಗೋಡೆ ಎತ್ತರ. ಎಟಿ ಬೇಕೇಬೇಕೆಂದರೆ 215/75 ಆರ್15 ಹಾಕಬಹುದು. ವ್ಯಾಸ 693ರಿಂದ 703ಕ್ಕೆ ಹೋಗುತ್ತದೆ, ಅಷ್ಟೇ.

ಟೈರಿನ ಪಕ್ಕದಲ್ಲಿ ಓದಬೇಕಾದ ಬರಹ ಬೇರೆಯೇ ಉಂಟು, ಅದಕ್ಕೆ ಯಾರೂ ಬಿಳಿ ಬಣ್ಣ ಹಾಕಿಲ್ಲ. 112ಎಸ್ ಎಂದಿದ್ದರೆ ಒಂದು ಟೈರ್ 1120 ಕಿಲೋ ಹೊರುತ್ತದೆ, 180 ಕಿ.ಮೀ. ವೇಗ ತಾಳುತ್ತದೆ. 109 ಎಂದರೆ 1030 ಕಿಲೋ. ಕಂಪೆನಿ ಟೈರಿನ ಅಂಕೆಗಿಂತ ಕೆಳಗಿನದ್ದು ಬೇಡ. ಡಾಟ್ (DOT) ಎಂಬ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ: 2224 ಎಂದರೆ 2024ರ 22ನೇ ವಾರದಲ್ಲಿ ತಯಾರಾದದ್ದು. "ನ್ಯೂ ಸ್ಟಾಕ್ ಸಾರ್" ಎಂದು ಅಂಗಡಿಯವನು ಹೇಳುವಾಗ ಅವನ ಕೈ ಆ ಸಾಲಿನ ಮೇಲೆ ಇದೆಯೋ ಎಂದು ನೋಡಿಕೊಳ್ಳಿ. ಇನ್ನು, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು. ಹಿಮದ ಮೇಲೆ ಪರೀಕ್ಷೆಯಾಗಿ ಪಾಸಾದ ಟೈರ್ ಎಂದರ್ಥ. ಇದಕ್ಕೂ ದುಡ್ಡು ಹೆಚ್ಚು ಕೊಟ್ಟ ಭಾವನನ್ನು "ಕಾಸರಗೋಡಿಗೆ ಯಾಕೆ ಭಾವ?" ಎಂದು ಕೇಳಿದರೆ ಸಿಗುವ ಉತ್ತರ: "ಡಿಸೆಂಬರಿನಲ್ಲಿ ಒಮ್ಮೆ ಪೊಸಡಿಗುಂಪೆ ಹತ್ತಿ ನೋಡು, ಚಳಿ ಗೊತ್ತಾಗುತ್ತದೆ."

ಭಾವ ಎಂದರೆ ಯಾರೆಂದು ಹೇಳಬೇಕಾಗಿಲ್ಲ. ನಮ್ಮ ಕಡೆ ಮನೆಗೊಬ್ಬರು ಇರುತ್ತಾರೆ, ಕೆಎಲ್ 14ರ ಹೊಸ ಫೋರ್ ವೀಲ್ ಇಟ್ಟುಕೊಂಡವರು. ಬಿಳಿ ಅಕ್ಷರದ ಚರ್ಚೆಯ ಮೂಲಪುರುಷರು ಇವರೇ. ಆ ಟೈರ್ ಹೊಸತಿರುವಾಗ ಅಕ್ಷರದ ಮೇಲೆ ನೀಲಿ ಲೇಪ ಇರುತ್ತದೆ, ಕಪ್ಪು ರಬ್ಬರಿನ ಕಲೆ ಹತ್ತದಿರಲಿ ಎಂದು. ಸಾಬೂನು ನೀರು ಹಾಕಿ ಬ್ರಶ್ಶಿನಲ್ಲಿ ಉಜ್ಜಿದರೆ ಹೋಗುತ್ತದೆ. ಕೆಲಸ ಅಲ್ಲಿಗೆ ಮುಗಿಯಬೇಕು. ಭಾವನಿಗೆ ಅಲ್ಲಿಂದ ಶುರು. ಮುರಕಲ್ಲಿನ ಕೆಸರು ತಾಗಿದ ಬಿಳಿ ರಬ್ಬರ್ ಒಂದೇ ಸಂಜೆಯಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಅಕ್ಷರದ ಜೀಪಿನಲ್ಲಿ ಪೇಟೆಗೆ ಹೋಗುವುದು ಹೇಗೆ? ಹಾಲು ಕರೆಯುವ ಮಣೆ ಹೊರಗೆ ಬರುತ್ತದೆ. ಹಲ್ಲುಜ್ಜುವ ಬ್ರಶ್ ಬರುತ್ತದೆ. ಯಾರ ಬ್ರಶ್ ಎಂಬುದು ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ಎದ್ದ ಗಲಾಟೆಯಿಂದ ತಿಳಿಯುತ್ತದೆ. ಭಾವ ಒಂದೊಂದು ಅಕ್ಷರದ ಹೊಟ್ಟೆಯೊಳಗೂ ಬ್ರಶ್ ಹಾಕಿ ತಿರುಗಿಸುತ್ತಾರೆ. ಚಕ್ರದ ಅಡಿಗೆ ಸಿಕ್ಕಿದ ಅಕ್ಷರಗಳಿಗಾಗಿ ಒಳಗೆ ಕೂತ ಮಗನಿಗೆ "ಒಂದು ಚೂರು ಮುಂದೆ ತೆಕ್ಕೊ, ಸಾಕು, ಸಾಕು, ಹೆಚ್ಚಾಯ್ತು, ಹಿಂದೆ" ಎಂದು ಆಜ್ಞೆ ಹೋಗುತ್ತದೆ. ಇಷ್ಟರ ಮೇಲೂ ಬೆಳ್ಳಗಾಗದ್ದಕ್ಕೆ ಪೆಯಿಂಟಿನ ಪೆನ್. ಮಕ್ಕಳ ಕಾಪಿ ಪುಸ್ತಕವನ್ನು ಎಂದೂ ತೆರೆದು ನೋಡದವರು ಟೈರಿನ ಮೇಲೆ ಅಷ್ಟು ದುಂಡಗೆ ಬರೆಯುತ್ತಾರೆ.

ಇಂಥ ಜೀಪು ಕೆಸರಿಗೆ ಇಳಿಯುತ್ತದೆಯೇ? ಹೊಂಡದಲ್ಲಿರುವ ಮನೆಯ ಜೆಂಬರಕ್ಕೆ ಹೋದರೆ ಭಾವನ ಫೋರ್ ವೀಲ್ ಮೇಲೆ ಡಾಮರಿನಲ್ಲಿ ನಿಲ್ಲುತ್ತದೆ. ಎಲ್ಲರೂ ಕೊಡೆ ಬಿಡಿಸಿ ಇಳಿದು ನಡೆಯುವುದು. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು, ಭಾವನ ಕಡೆ ನೋಡದೆ. ಅಷ್ಟರಲ್ಲಿ ಸೌತೆಕಾಯಿ ಗೋಣಿ, ಪಾತ್ರೆ, ಅಡಿಗೆಯ ಭಟ್ಟರು ಎಲ್ಲರನ್ನೂ ತುಂಬಿಕೊಂಡು ಒಂದು ಆಟೋ ಅದೇ ಇಳಿಜಾರಿನಲ್ಲಿ ಸರಸರ ಇಳಿದು, ಖಾಲಿ ಮಾಡಿ, ವಾಪಸು ಹತ್ತಿ ಬರುತ್ತದೆ. ಟೈರ್ ಸೈಜ್ 4.00-8, ಅದರಲ್ಲೂ ಹಿಂದಿನದ್ದು ಸವೆದು ನುಣುಪಾಗಿರುತ್ತದೆ. ರಸ್ತೆಬದಿ ನಿಂತ ಜೀಪನ್ನೂ ಪಕ್ಕದಲ್ಲಿ ಟೈರ್ ನೋಡುತ್ತ ಬಗ್ಗಿದ ಭಾವನನ್ನೂ ಕಂಡ ಆಟೋದವನಿಗೆ ಕನಿಕರ ಹುಟ್ಟಿ ಕೇಳುತ್ತಾನೆ: "ಕಯರ್ ವೇಣೋ ಚೇಟ್ಟಾ?" ಹಗ್ಗ ಬೇಡ ಎಂದು ಹೇಳುವಾಗಿನ ಭಾವನ ಮುಖಕ್ಕೆ ಯಾವ ಪೆಯಿಂಟ್ ಪೆನ್ನೂ ಸಾಲದು.

ಹಿಂದೆ ಮುಳ್ಳೇರಿಯ, ಆದೂರು ಕಡೆಯ ಗುಡ್ಡಗಳಿಗೆ ಟ್ರಿಪ್ ಹೊಡೆಯುತ್ತಿದ್ದ ಉದ್ದ ಬಾಡಿಯ ಜೀಪುಗಳಿಗೆ ಇದ್ದದ್ದು 6.00-16ರ ಸಪೂರ ಟೈರ್. ಸವೆದರೆ ರೀಸೋಲ್, ಅಂದರೆ ಮೇಲೆ ಹೊಸ ರಬ್ಬರ್ ಹಾಕಿಸುವುದು. ಮಳೆ ಹಿಡಿದರೆ ಹಿಂದಿನ ಎರಡು ಚಕ್ರಕ್ಕೆ ಚೈನ್ ಸುತ್ತುವುದು. ಏರು ಬರುವ ಮೊದಲು ಡ್ರೈವರ್ ಬೀಡಿಯನ್ನು ತುಟಿಯಲ್ಲೇ ಇಟ್ಟು ಇಳಿದು, ಮುಂದಿನ ಚಕ್ರಗಳೂ ಎಳೆಯಲೆಂದು ಮಳೆಯಲ್ಲಿ ಅವುಗಳ ಎರಡು ಹಬ್ ಕೈಯಿಂದ ತಿರುಗಿಸಿ ಲಾಕ್ ಮಾಡಿ, ಮತ್ತೆ ಹತ್ತಿ, ಮೊದಲನೇ ಗಿಯರಿನಲ್ಲಿ ಒಂದೇ ಸಮ ಹತ್ತಿಸುತ್ತಿದ್ದ. ಒಳಗೆ ಹತ್ತು ಜನ, ಹಿಂದೆ ನೇತಾಡುವವರು ಬೇರೆ, ಟಾಪಿನ ಮೇಲೆ ಅಡಿಕೆ ಗೋಣಿ. ದಾರಿಯ ಒಂದೊಂದು ಕಲ್ಲೂ ಅವನಿಗೆ ಪರಿಚಯ. ಆ ಏರುಗಳಿಗೆಲ್ಲ ಈಗ ಪಂಚಾಯತಿನ ಕಾಂಕ್ರೀಟ್ ಬಿದ್ದಿದೆ, ಜೀಪು ಗುಜರಿಗೆ ಹೋಗಿದೆ. ಕಲ್ಲುಗಳ ಗುರುತು ಹಿಡಿಯುವವರು ಈಗ ಯಾರೂ ಇಲ್ಲ.

ಖರ್ಚಿಲ್ಲದ ಒಂದು ಉಪಾಯ ಉಂಟು, ಅದನ್ನು ಮಾತ್ರ ಯಾರೂ ಮಾಡುವುದಿಲ್ಲ: ಗಾಳಿ ಇಳಿಸುವುದು. ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದದ್ದು ಡಾಮರಿನ ಲೆಕ್ಕ. ಟೈರಿನ ಮೇಲೆ ಅಚ್ಚಾದ ಗಾಳಿಯ ಅಂಕೆ ಆ ಟೈರ್ ತಾಳುವ ಗರಿಷ್ಠ, ಅದನ್ನು ನೋಡಿ ತುಂಬಿಸಬೇಡಿ. ಕೆಸರಿನಲ್ಲಿ ಗಾಳಿಯ ಒತ್ತಡವನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟೈರ್ ಉದ್ದಕ್ಕೆ ಚಪ್ಪಟೆಯಾಗಿ ನೆಲಕ್ಕೆ ಹೆಚ್ಚು ತಾಗುತ್ತದೆ. ಸಾಧಾರಣ ಎಟಿ ಕೂಡ ಆಗ ಫೋರ್ ವೀಲಿನ ಲೋ ಗಿಯರಿನಲ್ಲಿ ನಿಧಾನಕ್ಕೆ ದಾಟಿಬಿಡುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ಟ್ಯೂಬ್ ಇರುವ ಹಳೆ ಜೀಪಿನಲ್ಲಿ ಈ ಆಟವೇ ಬೇಡ. ಟೈರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಹೋಗುತ್ತದೆ. ಡಾಮರಿಗೆ ಹತ್ತಿದ ಮೇಲೆ ಗಾಳಿ ತುಂಬಿಸಲೇಬೇಕು, ಇಲ್ಲವಾದರೆ ಪಕ್ಕದ ಗೋಡೆ ಬಿಸಿಯಾಗಿ ಹಾಳಾಗುತ್ತದೆ. ಹನ್ನೆರಡು ವೋಲ್ಟಿನ ಸಣ್ಣ ಪಂಪ್ ಒಂದು ಜೀಪಿನಲ್ಲೇ ಇರಲಿ. ಬಂಕಿನವರೆಗೆ ಹೋದರೆ ಗಾಳಿಯ ಹುಡುಗ 20 ನೋಡಿ "ನಾಲ್ಕೂ ಪಂಚರಾ?" ಎಂದು ಕೇಳಿ, ನೀವು ಉತ್ತರಿಸುವ ಮೊದಲೇ 40 ತುಂಬಿರುತ್ತಾನೆ.

ಇನ್ನು, ನಾಲ್ಕೂ ಒಂದೇ ಟೈರ್ ಇರಲಿ. ಮುಂದೆ ಹಳತು ಹಿಂದೆ ಹೊಸತು ಎಂದು ಮಾಡಿದರೆ ವ್ಯಾಸ ಬೇರೆಯಾಗಿ, ಫೋರ್ ವೀಲ್ ಹಾಕಿದಾಗ ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ಎರಡೂ ಕಡೆಯಿಂದ ಎಳೆದಾಟ. ಒಣ ಡಾಮರಿನಲ್ಲಿ ಫೋರ್ ವೀಲ್ ಹಾಕಿ ಓಡಿಸುವವರ ಗತಿಯೂ ಅದೇ. ಕೈಯಲ್ಲಿ ದುಡ್ಡಿದ್ದರೆ ಐದು ಕೊಂಡು, ಎಂಟು-ಹತ್ತು ಸಾವಿರ ಕಿ.ಮೀ.ಗೊಮ್ಮೆ ಐದನ್ನೂ ಸರದಿಯಲ್ಲಿ ತಿರುಗಿಸಿ. ಕಾನೂನಿಗೆ ಬಟನ್ 1.6 ಮಿ.ಮೀ. ಉಳಿದರೆ ಸಾಕು. ನಮ್ಮ ಇಳಿಜಾರಿಗೆ 4 ಉಳಿದಾಗಲೇ ಹೊಸತರ ದುಡ್ಡು ಕೂಡಿಡಲು ಶುರು ಮಾಡುವುದು ಒಳ್ಳೆಯದು.

ಹಳೆ ಟೈರ್‌ಗಳನ್ನು ಅಂಗಡಿಯವನಿಗೇ ಬಿಟ್ಟುಬಿಡಿ, ಕೊಟ್ಟಷ್ಟು ಕೊಡಲಿ. ಭಾವ ಬಿಡುವುದಿಲ್ಲ. "ಇದಕ್ಕೆ ಅಷ್ಟೇಯಾ?" ಎಂದು ಸಿಟ್ಟಿನಲ್ಲಿ ನಾಲ್ಕನ್ನೂ ಹೇರಿಕೊಂಡು ಬಂದು ಕೊಟ್ಟಿಗೆಯ ಹಿಂದೆ ಒಟ್ಟಿರುತ್ತಾರೆ, ಎಂತದಕ್ಕಾದರೂ ಆದೀತು ಎಂದು. ಆಗುವುದು ಡೆಂಗಿ ಸೊಳ್ಳೆಗೆ. ಆಶಾ ಕಾರ್ಯಕರ್ತೆ ಬಂದು ಟಾರ್ಚ್ ಬಿಟ್ಟು ನೋಡಿ, ಹುಳ ತೋರಿಸಿ, "ಈಗಲೇ ಚೆಲ್ಲಿ, ನಾನು ನೋಡಿಯೇ ಹೋಗುವುದು" ಎಂದು ಕೊಡೆ ಊರಿ ನಿಲ್ಲುತ್ತಾರೆ. ಟೈರಿನೊಳಗಿನ ನೀರು ಚೆಲ್ಲುವುದು ಸುಲಭವಲ್ಲ. ಎತ್ತಿದರೆ ಕೆಳಗೆ ಇಳಿಯುತ್ತದೆ, ತಿರುಗಿಸಿದರೆ ಒಳಗೊಳಗೇ ಸುತ್ತುತ್ತದೆ, ಸಿಟ್ಟಿನಲ್ಲಿ ಕವುಚಿ ಹಾಕಿದರೆ ಒಟ್ಟಿಗೆ ಪಂಚೆಯ ಮೇಲೆ ಬರುತ್ತದೆ.