ಮಾರುತಿ 800 ಎಂಜಿನ್ ರೀಬೋರ್ ಮನೆಯಲ್ಲೇ ಸಾಧ್ಯವೇ? ಒಂದು ಸ್ಪಷ್ಟನೆ

ಸ್ಪ್ಯಾನರ್ ಸೆಟ್ ಒಂದಿದ್ದರೆ ಹಳೆಯ ಮಾರುತಿ 800ರ 796 ಸಿಸಿ ಎಂಜಿನ್ನನ್ನು ಮನೆಯಂಗಳದಲ್ಲೇ ರೀಬೋರ್ (ಸವೆದ ಸಿಲಿಂಡರನ್ನು ಮತ್ತೆ ಕೊರೆದು ಸರಿಪಡಿಸುವುದು) ಮಾಡಿಕೊಳ್ಳಬಹುದು, ಮೆಕ್ಯಾನಿಕ್‌ಗೆ ಕೊಡುವ ದುಡ್ಡು ದಂಡ ಎಂಬ ಮಾತು ಹರಿದಾಡುತ್ತಿದ್ದು, ಅದು ಅರ್ಧ ಮಾತ್ರ ನಿಜ. ಮೂರು ಸಿಲಿಂಡರಿನ ಈ ಪುಟ್ಟ ಎಂಜಿನ್ನನ್ನು ಕಳಚಿ, ತಾಳ್ಮೆಯಿಂದ ಮರಳಿ ಜೋಡಿಸುವುದು ಹವ್ಯಾಸಿಯ ಕೈಗೂ ದಕ್ಕುವ ಕೆಲಸವೇ. ಆದರೆ ಸವೆದು ಅಂಡಾಕಾರಕ್ಕೆ ತಿರುಗಿದ ಸಿಲಿಂಡರನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೊರೆಯುವುದು ಬೋರಿಂಗ್ ಯಂತ್ರದ ಕೆಲಸವಾದ್ದರಿಂದ, ನುರಿತ ಮೆಕ್ಯಾನಿಕ್ ಕೂಡ ಸಿಲಿಂಡರುಗಳಿರುವ ಬ್ಲಾಕನ್ನು ಲೇತ್ ಅಂಗಡಿಗೇ ಕಳಿಸುತ್ತಾನೆ. ಹಾಗಾಗಿ ಉಳಿತಾಯವಾಗುವುದು ಬಿಚ್ಚಿ ಜೋಡಿಸುವ ಕೂಲಿಯಷ್ಟೇ. ಅದರಲ್ಲೂ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಬೋಲ್ಟುಗಳನ್ನು ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಇಲ್ಲದೆ ಅಂದಾಜಿನ ಮೇಲೆ ಬಿಗಿದರೆ (ನಾನೂ ಒಮ್ಮೆ ಬಿಗಿದವನೇ) ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಸೋರಿ, ಎಂಜಿನ್ ತಂಪಾಗಿಸುವ ಕೂಲಂಟ್ ಆಯಿಲ್‌ಗೆ ಬೆರೆತು, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತುದಿಯಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣ ಕಾಣಿಸೀತು.