ಮನೆಯಲ್ಲಿದ್ದವರೇ ಗೈರುಹಾಜರಿ

ನಮ್ಮ ಚುನಾವಣಾ ನಿಯಮಗಳಲ್ಲಿ ‘ಗೈರುಹಾಜರಿ ಮತದಾರ’ ಎಂಬ ಒಂದು ವರ್ಗವಿದೆ. ಅದರೊಳಗೆ ಯಾರ್ಯಾರು ಬರುತ್ತಾರೆ ನೋಡಿ: 85 ದಾಟಿದ ಹಿರಿಯರು, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು, ಮತದಾನದ ದಿನ ಡ್ಯೂಟಿ ಬಿಟ್ಟು ಬರಲಾಗದ ಕೆಲವು ಅಗತ್ಯ ಸೇವೆಗಳ ನೌಕರರು. ಬಹುಪಾಲು ಮನೆ ಬಿಟ್ಟು ಎಲ್ಲೂ ಹೋಗದವರೇ. ಇನ್ನು ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು, ಶೀಟಿನ ಶೆಡ್ಡಿನಲ್ಲಿ ಮಲಗಿ, ಊರಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡವನು? ಅವನು ಗೈರುಹಾಜರಿ ಅಲ್ಲ. ಅವನು ಬರೀ ಬಂದಿಲ್ಲ, ಅಷ್ಟೆ.

ಯಾರು ಇದ್ದಾರೆ, ಯಾರು ಇಲ್ಲ ಎಂಬ ಈ ಲೆಕ್ಕ ಶುರುವಾಗುವುದು ಪಟ್ಟಿಗೆ ಹೆಸರು ಸೇರಿಸುವಾಗಲೇ. ಹೊಸಬರಿಗೆ ಫಾರಂ 6. ಮನೆ ಬದಲಾದರೆ, ಹೆಸರು ತಪ್ಪಿದ್ದರೆ, ಗುರುತಿನ ಚೀಟಿ ಕಳೆದಿದ್ದರೆ ಎಲ್ಲಕ್ಕೂ ಫಾರಂ 8. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಅವಕಾಶವಿತ್ತು. ಜನವರಿ 2ರಂದು ಹುಟ್ಟಿದ ತಪ್ಪಿಗೆ ಮುಂದಿನ ಹೊಸ ವರ್ಷದವರೆಗೆ ಕಾಯಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಸೇರಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಿಟ್ಟುಕೊಳ್ಳಬಹುದು. ಇಷ್ಟರ ಮಟ್ಟಿಗೆ ಒಳ್ಳೆಯದೇ ಆಗಿದೆ, ಒಪ್ಪೋಣ.

ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, ಪರಿಶೀಲನೆ ಕಾಲ್ನಡಿಗೆಯಲ್ಲಿ ಬರುತ್ತದೆ. ಪರಿಶೀಲನೆಗೆ ಬರುವ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಎಂದರೆ ಹೆಚ್ಚಾಗಿ ಶಾಲೆಯ ಮೇಷ್ಟರು, ಇಲ್ಲವೇ ಅಂಗನವಾಡಿ ಟೀಚರ್. ಅವರ ಬಿಡುವಿನ ಹೊತ್ತಿಗೆ ಬಾಡಿಗೆ ಮನೆಯವರು ಆಫೀಸಿನಲ್ಲಿರುತ್ತಾರೆ. ಬಾಗಿಲಿಗೆ ಬೀಗ. ಪಕ್ಕದ ಮನೆಯವರು ‘ಯಾರೋ ಇದ್ದಾರೆ, ಹೆಸರು ಗೊತ್ತಿಲ್ಲ’ ಎಂದರೆ ಅರ್ಜಿಯ ಕಥೆ ಅಲ್ಲಿಗೆ ಮುಗಿಯಿತು. ಆದರೆ ಮನೆಯೇ ಇಲ್ಲದವರಿಗೆ ನಿಯಮ ಹೆಚ್ಚು ದಯಾಮಯಿ. ಅವರು ವಿಳಾಸದ ದಾಖಲೆ ಕೊಡಬೇಕಿಲ್ಲ. ಫಾರಂನಲ್ಲಿ ಬರೆದ ಜಾಗದಲ್ಲೇ ಮಲಗುತ್ತಾರೋ ಇಲ್ಲವೋ ಎಂದು ಬಿಎಲ್‌ಒ ರಾತ್ರಿ ಹೋಗಿ ನೋಡಬೇಕು. ಅದೂ ಒಂದಕ್ಕಿಂತ ಹೆಚ್ಚು ರಾತ್ರಿ. ಒಟ್ಟಿನಲ್ಲಿ ಮನೆ ಇದ್ದವರು ಮಟಮಟ ಮಧ್ಯಾಹ್ನ ಬಾಗಿಲಲ್ಲಿ ನಿಂತಿರಬೇಕು, ಮನೆ ಇಲ್ಲದವರು ಸರಿಯಾದ ಕಂಬದ ಕೆಳಗೆ ನಿದ್ದೆ ಹೋಗಿರಬೇಕು.

ಹೆಸರು ತೆಗೆಸುವ ಫಾರಂ 7ಕ್ಕಾದರೆ ಜನರ ಉತ್ಸಾಹವೇ ಬೇರೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಆನ್‌ಲೈನ್‌ನಲ್ಲಿ ಬಂದ ಇಂಥ ಅರ್ಜಿಗಳು 6,018. ಬಿಎಲ್‌ಒಗಳು ಮನೆಮನೆಗೆ ಹೋಗಿ ನೋಡಿದಾಗ ನಿಜವೆಂದು ಕಂಡದ್ದು 24. ಉಳಿದ 5,994 ಮಂದಿಯ ಹೆಸರು ಉಳಿದದ್ದು ಅದೇ ಕಾಲ್ನಡಿಗೆಯಿಂದ. ಹಾಗಾಗಿ ಮೇಷ್ಟರ ಚಪ್ಪಲಿ ಸವೆತದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ.

ಇನ್ನು ಮನೆಯಿಂದ ಮತದಾನ. ಅಧಿಸೂಚನೆ ಹೊರಟ ಐದು ದಿನದೊಳಗೆ ಫಾರಂ 12ಡಿ ಚುನಾವಣಾಧಿಕಾರಿಯ ಕೈ ಸೇರಬೇಕು. ಫಾರಂ ಅನ್ನು ಬಿಎಲ್‌ಒ ಮನೆಗೇ ತಂದುಕೊಡುತ್ತಾರೆ. ಆಮೇಲೊಂದು ದಿನ ಇಬ್ಬರು ಮತಗಟ್ಟೆ ಸಿಬ್ಬಂದಿ, ಒಬ್ಬ ಪೊಲೀಸ್, ಒಬ್ಬ ವಿಡಿಯೊಗ್ರಾಫರ್, ಮಡಚುವ ರಟ್ಟಿನ ಮರೆ ಸಮೇತ ದಿಬ್ಬಣದಂತೆ ಬಂದಿಳಿಯುತ್ತಾರೆ. ಅಜ್ಜಿ ಆಸ್ಪತ್ರೆಗೆ ಹೋಗಿದ್ದರೆ ಇನ್ನೊಮ್ಮೆ ಬರುತ್ತಾರೆ. ಆಗಲೂ ಸಿಗದಿದ್ದರೆ ಮತ ಹೋಯಿತು. 12ಡಿ ಕೊಟ್ಟು ಒಪ್ಪಿಗೆಯಾದ ಮೇಲೆ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಅಂಚೆ ಮತಪತ್ರ) ಎಂದು ಬೀಳುತ್ತದೆ. ಅಲ್ಲಿಂದಾಚೆಗೆ ಆಟೊ ಮಾಡಿಕೊಂಡು ಮತಗಟ್ಟೆಗೇ ಹೋದರೂ ಯಂತ್ರ ಮುಟ್ಟಲು ಬಿಡುವುದಿಲ್ಲ.

ವಯಸ್ಸಿನ ಗೆರೆಯಂತೂ ಪದೇ ಪದೇ ಜಾಗ ಬದಲಿಸಿದೆ. 2019ರಲ್ಲಿ 80 ಎಂದರು. 2020ರಲ್ಲಿ ನಿಯಮ ತಿದ್ದಿ 65 ಎಂದರು, ಆದರೆ ಚುನಾವಣಾ ಆಯೋಗ ಅದನ್ನು ಜಾರಿಗೆ ತರಲಿಲ್ಲ. 2024ರ ಮಾರ್ಚ್‌ನಲ್ಲಿ 85 ಆಯಿತು. ಹಾಗಾಗಿ 2023ರ ಮೇ ತಿಂಗಳಲ್ಲಿ 81ನೇ ವಯಸ್ಸಿಗೆ ಮನೆಯ ಮಂಚದ ಮೇಲೆ ಕೂತು ಮತ ಹಾಕಿದ ಕರ್ನಾಟಕದ ಹಿರಿಯರು, ಮರುವರ್ಷದ ಲೋಕಸಭೆಗೆ 82ರಲ್ಲಿ ಬಿಸಿಲಿನಲ್ಲಿ ಸಾಲಿಗೆ ಬರಬೇಕಾಯಿತು. ಒಂದು ವರ್ಷ ದೊಡ್ಡವರಾದದ್ದಕ್ಕೆ ಮಂಡಿನೋವು ವಾಸಿಯಾಗಿರಬೇಕೆಂದು ಸರಕಾರದ ಅಂದಾಜು.

ಯಾದಗಿರಿಯವನ ಕಡೆಗೆ ಬರೋಣ. ಅವನಿಗೆ ಮತದಾನದ ದಿನ ಸಂಬಳ ಸಹಿತ ರಜೆ ಎಂದು ಕಾನೂನು ಹೇಳುತ್ತದೆ. ಒಂದು ದಿನ. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ಬಸ್ಸಿನ ಖರ್ಚು ಅವನದೇ. ಫಾರಂ 8 ತುಂಬಿ ಹೆಸರನ್ನು ಬೆಂಗಳೂರಿಗೇ ವರ್ಗಾಯಿಸಿಕೊಳ್ಳಬಹುದಲ್ಲ ಎನ್ನುವವರು, ಕಟ್ಟಡ ಮುಗಿದ ಕೂಡಲೇ ಕಿತ್ತುಹೋಗುವ ಶೆಡ್ಡಿಗೆ ಯಾವ ವಿಳಾಸ ಬರೆಯಬೇಕೆಂದೂ ಹೇಳಲಿ. ಇಂಥವರಿಗೆಂದೇ ಒಂದು ಯಂತ್ರದ ಮಾದರಿ ಸಿದ್ಧವಾಗಿದೆ ಎಂದು ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ ಹಾಕಬಹುದಂತೆ. ಮರುತಿಂಗಳು ಪಕ್ಷಗಳನ್ನು ಕರೆಯಿತು, ಪ್ರಶ್ನೆಗಳ ಸುರಿಮಳೆಯಾಯಿತು, 2024ರ ಲೋಕಸಭಾ ಚುನಾವಣೆ ಆ ಯಂತ್ರವಿಲ್ಲದೇ ಮುಗಿಯಿತು.

ವಿದೇಶದಲ್ಲಿರುವ ಭಾರತೀಯ ಪ್ರಜೆಗೆ ಫಾರಂ 6ಎ ಇದೆ. ದುಬೈನಲ್ಲಿ ಕೂತು ಆನ್‌ಲೈನ್‌ನಲ್ಲಿ ಹೆಸರು ಸೇರಿಸಬಹುದು. ಮತ ಹಾಕಬೇಕೆಂದರೆ ಮಾತ್ರ ಅಸಲಿ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೆ ಬರಬೇಕು. 2024ರಲ್ಲಿ ದೇಶದಾದ್ಯಂತ ಹೀಗೆ ಹೆಸರು ಸೇರಿಸಿದ್ದವರು 1,19,374, ಬಂದು ಮತ ಹಾಕಿದವರು 2,958. ಬದಲಿ ವ್ಯಕ್ತಿಯಿಂದ ಮತ ಹಾಕಿಸುವ ಮಸೂದೆಯೊಂದು 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ, ರಾಜ್ಯಸಭೆ ತಲುಪುವಷ್ಟರಲ್ಲಿ ಲೋಕಸಭೆಯ ಅವಧಿಯೇ ಮುಗಿದು ಬಿದ್ದುಹೋಯಿತು. ಗಡಿಯ ಯೋಧನಿಗೆ ಮಾತ್ರ ಮತಪತ್ರ ಕಂಪ್ಯೂಟರಿನಲ್ಲೇ ಹೋಗುತ್ತದೆ. ಅವನು ಅದನ್ನು ಮುದ್ರಿಸಿ, ಗುರುತು ಹಾಕಿ, ಲಕೋಟೆಗೆ ಹಾಕಿ ಅಂಚೆಗೆ ಕೊಡಬೇಕು. ಹೋಗುವಾಗ ಮಿಂಚು, ಬರುವಾಗ ಅಂಚೆಯಣ್ಣ.

ಜೈಲಿನ ತರ್ಕ ಇನ್ನೂ ಸೊಗಸು. ಮುಂಜಾಗ್ರತಾ ಬಂಧನದಲ್ಲಿದ್ದವರು ಅಂಚೆ ಮತ ಹಾಕಬಹುದು. ವಿಚಾರಣಾಧೀನ ಕೈದಿ ಮತ ಹಾಕುವಂತಿಲ್ಲ, ಆದರೆ ಚುನಾವಣೆಗೆ ನಿಲ್ಲಬಹುದು. 2024ರಲ್ಲಿ ಇಬ್ಬರು, ಒಬ್ಬ ವಿಚಾರಣಾಧೀನ, ಇನ್ನೊಬ್ಬ ಮುಂಜಾಗ್ರತಾ ಬಂಧನದವ, ಜೈಲಿನೊಳಗಿದ್ದುಕೊಂಡೇ ಗೆದ್ದು ಲೋಕಸಭಾ ಸದಸ್ಯರಾದರು.

ಎಲ್ಲಕ್ಕಿಂತ ದೊಡ್ಡ ಪ್ರಹಸನ ಮತಗಟ್ಟೆ ಸಿಬ್ಬಂದಿಯದು. ಊರವರಿಗೆಲ್ಲ ಮತ ಹಾಕಿಸುವ ಇವರನ್ನು ಸ್ವಂತ ವಿಧಾನಸಭಾ ಕ್ಷೇತ್ರದಿಂದ ಆಚೆಗೇ ಹಾಕುವುದು ಪದ್ಧತಿ. ಆದ್ದರಿಂದ ಅಂಚೆ ಮತ ಕೇಳುವ ಫಾರಂ 12. ಅದರಲ್ಲಿ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಕೇಳುತ್ತಾರೆ. ತರಬೇತಿಯ ಗಲಾಟೆಯಲ್ಲಿ ಅರ್ಧ ಜನ ಕ್ರಮ ಸಂಖ್ಯೆಯ ಜಾಗದಲ್ಲಿ ಗುರುತಿನ ಚೀಟಿಯ ನಂಬರ್ ಗೀಚುತ್ತಾರೆ. ಫಾರಂ ವಾಪಸ್ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಸರಿಯಾಗಿ ತುಂಬಿದವರ ಕೈಗೆ ಮತಪತ್ರದ ಜೊತೆ ಮೂರು ವಸ್ತು ಬರುತ್ತವೆ: 13ಎ ಎಂಬ ಘೋಷಣೆ, 13ಬಿ ಎಂಬ ಚಿಕ್ಕ ಲಕೋಟೆ, 13ಸಿ ಎಂಬ ದೊಡ್ಡ ಲಕೋಟೆ. ಮತಪತ್ರ ಚಿಕ್ಕದರೊಳಗೆ ಹೋಗಬೇಕು, ಅಂಟಿಸಬೇಕು, ಮೇಲೆ ಮತಪತ್ರದ ಕ್ರಮ ಸಂಖ್ಯೆ ಇರಬೇಕು. ಘೋಷಣೆಗೆ ಸಹಿ, ಅಧಿಕಾರಿಯ ದೃಢೀಕರಣ, ಅದೇ ಸಂಖ್ಯೆ. ಆಮೇಲೆ ಚಿಕ್ಕ ಲಕೋಟೆ, ಘೋಷಣೆ ಎರಡನ್ನೂ ಬೇರೆ ಬೇರೆಯಾಗಿ ದೊಡ್ಡದರೊಳಗೆ ಇಡಬೇಕು. ಬಹಳ ಜನ ಅಚ್ಚುಕಟ್ಟಿನ ಸ್ವಭಾವದವರು. ಘೋಷಣೆಯನ್ನೂ ಮಡಚಿ ಮತಪತ್ರದ ಜೊತೆಗೇ ಚಿಕ್ಕದರೊಳಗೆ ತುರುಕಿ ಅಂಟಿಸಿಬಿಡುತ್ತಾರೆ.

ಎಣಿಕೆಯ ದಿನ ದೊಡ್ಡ ಲಕೋಟೆ ತೆರೆದಾಗ ಘೋಷಣೆ ಕಾಣುವುದಿಲ್ಲ. ಘೋಷಣೆ ಇಲ್ಲದೆ ಚಿಕ್ಕ ಲಕೋಟೆ ತೆರೆಯುವಂತಿಲ್ಲ. ಚಿಕ್ಕದು ತೆರೆಯದೆ ಘೋಷಣೆ ಸಿಗುವಂತಿಲ್ಲ. ಕೈಯಲ್ಲಿ ಮುಟ್ಟಿದರೆ ಎರಡು ಕಾಗದದ ದಪ್ಪ ಗೊತ್ತಾಗುತ್ತಿರುತ್ತದೆ, ಏಜೆಂಟರು ಕತ್ತು ಚಾಚಿ ನೋಡುತ್ತಿರುತ್ತಾರೆ, ಲಕೋಟೆಯ ಮೇಲೆ ‘ತಿರಸ್ಕೃತ’ ಎಂದು ಬೀಳುತ್ತದೆ. ಹಾಗೆ ತುರುಕಿದವರು ತರಬೇತಿ ಪಡೆದ ಮತಗಟ್ಟೆಯ ಅಧ್ಯಕ್ಷಾಧಿಕಾರಿಯೇ ಆಗಿರಬಹುದು. ಎಣಿಕೆ ಶುರುವಾಗುವ ಬೆಳಿಗ್ಗೆ 8ರ ನಂತರ ಬಂದ ಲಕೋಟೆಗಳಿಗಂತೂ ಈ ಪರೀಕ್ಷೆಯ ಭಾಗ್ಯವೂ ಇಲ್ಲ, ತೆರೆಯದೆಯೇ ಕಟ್ಟಿಡುತ್ತಾರೆ.

ತಿರಸ್ಕೃತ ಕಂತೆಗೆ ಮತ್ತೆ ಕೈ ಹಚ್ಚಲೇಬೇಕಾದ ಸಂದರ್ಭ ಒಂದಿದೆ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಾದರೆ, ಫಲಿತಾಂಶ ಘೋಷಿಸುವ ಮೊದಲು ಅವೆಲ್ಲವನ್ನೂ ಮರುಪರಿಶೀಲಿಸಬೇಕು. ಬೆಳಿಗ್ಗೆಯಿಂದ ಮೂಲೆಯಲ್ಲಿದ್ದ ಕಂತೆ ಆಗ ಮೇಜಿನ ನಡುವೆ ಬರುತ್ತದೆ, ಅಭ್ಯರ್ಥಿಗಳು ಖುದ್ದಾಗಿ ಓಡಿಬರುತ್ತಾರೆ, ಮೇಷ್ಟರ ಸಹಿಯ ಸೊಟ್ಟವನ್ನು ಇಬ್ಬರು ವಕೀಲರು ಎರಡೂ ಕಡೆಯಿಂದ ಓದುತ್ತಾರೆ. ಮೇಷ್ಟರು ಅಷ್ಟು ಹೊತ್ತಿಗೆ ಬೇರೆ ಕ್ಷೇತ್ರದ ಎಣಿಕೆ ಡ್ಯೂಟಿಯಲ್ಲಿರುತ್ತಾರೆ, ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಿರುತ್ತಾರೆ.