ನಗು ಬಂದಲ್ಲಿ ಹಾಡು ಕಾಯಬೇಕು

'ಮಮ್ಮಾ ಮಿಯಾ' ಸಂಗೀತ ನಾಟಕ ನೋಡಲು ಬಂದವರು ಹಾಡು ಶುರುವಾಗುವಾಗಲೇ ನಗುತ್ತಾರೆ, ಅದು ಅರಸಿಕತೆ ಅಂತ ನಾನು ಓದಿದ ಲೇಖನವೊಂದು ಹೇಳುತ್ತದೆ. ಒಪ್ಪಲಾರೆ. 1999ರಲ್ಲಿ ಲಂಡನ್‌ನಲ್ಲಿ ತೆರೆಕಂಡ ಈ ನಾಟಕವನ್ನು ಲೇಖಕಿ ಕ್ಯಾಥರೀನ್ ಜಾನ್ಸನ್ ಕಟ್ಟಿದ್ದೇ ಆ ನಗುವಿಗಾಗಿ. ಇದರಲ್ಲಿ ಹೆಣೆದಿರುವುದು ಸ್ವೀಡನ್ನಿನ ಪಾಪ್ ತಂಡ ಆಬಾದ ಹಳೆಯ ಹಾಡುಗಳನ್ನು; ಹಾಡುಗಳು ಜನಕ್ಕೆ ಬಾಯಿಪಾಠ, ಕಥೆ ಹೊಸದು. ನಾಯಕಿ ಡೋನಾ ಅಳುತ್ತಿದ್ದಾಳೆ, ಗೆಳತಿ ಸಮಾಧಾನ ಮಾಡಲು ಬಾಯಿ ತೆರೆದು ಆಬಾ ಹಾಡೊಂದರ ಮೊದಲ ಪದ 'ಚಿಕಿತೀತಾ' ಅಂದಳೋ, ಸಭಾಂಗಣ ಗೊಳ್ಳೆನ್ನುತ್ತದೆ. ಮಾತು ಹಾಡಾಗಿ ಜಾರಿದ್ದು ಜನಕ್ಕೆ ಸಿಕ್ಕಿಬಿದ್ದಿರುತ್ತದೆ, ಅಷ್ಟೇ.

ತೊಂದರೆ ಇರುವುದು ನಗುವಿನಲ್ಲಲ್ಲ, ಅಳತೆಯಲ್ಲಿ. ಇಂಥ ಕಡೆ ವಾದ್ಯವೃಂದ ಒಂದೆರಡು ಆವರ್ತನವನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿರಬೇಕು. ನಗು ಏರಿ, ಇಳಿಯತೊಡಗಿದಾಗ ನಟಿ ಎರಡನೇ ಸಾಲು ಎತ್ತಿಕೊಳ್ಳಬೇಕು. ಪೂರ್ತಿ ಆರಲು ಬಿಟ್ಟರೆ ದೃಶ್ಯ ತಣ್ಣಗಾಗುತ್ತದೆ. ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕ್ ಇಟ್ಟುಕೊಂಡ ಹವ್ಯಾಸಿ ತಂಡಗಳು ಎಡವುವುದು ಇಲ್ಲೇ: ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಸಾಲು ನಗುವಿನಡಿ ಮುಚ್ಚಿಹೋಗುತ್ತದೆ. ಮೈಕ್ ಜೋರು ಮಾಡಿದರೆ ಇನ್ನೂ ಕೆಡುತ್ತದೆ, ಜನ ನಗುವುದನ್ನೇ ನಿಲ್ಲಿಸುತ್ತಾರೆ.

ಜೊತೆಗೆ ಹಾಡುವುದು ಬೇರೆ ಮಾತು. 'ದಿ ವಿನರ್ ಟೇಕ್ಸ್ ಇಟ್ ಆಲ್' ಡೋನಾ ಒಬ್ಬಳದೇ ಹಾಡು, ಅಲ್ಲಿ ಪಕ್ಕದ ಸೀಟಿನ ಗುನುಗೂ ಕಿರಿಕಿರಿ. 2023ರಲ್ಲಿ ಮ್ಯಾಂಚೆಸ್ಟರಿನಲ್ಲಿ 'ದಿ ಬಾಡಿಗಾರ್ಡ್' ಎಂಬ ಇನ್ನೊಂದು ಸಂಗೀತ ನಾಟಕದ ಪ್ರದರ್ಶನ ಮುಗಿಯುವ ಮೊದಲೇ ನಿಂತದ್ದು ಇದೇ ಚಟಕ್ಕೆ, ಪೊಲೀಸರೂ ಬಂದರು. ಎದ್ದು ಕುಣಿದು ಕಿರುಚಲು 'ಮಮ್ಮಾ ಮಿಯಾ'ದಲ್ಲಿ ಕೊನೆಯ ವಂದನೆಯ ನಂತರ ಮೂರು ಹಾಡು ಮೀಸಲಿಟ್ಟೇ ಇದ್ದಾರಲ್ಲ! ಅವುಗಳಲ್ಲಿ ಕೊನೆಯದಾದ 'ವಾಟರ್ಲೂ' ಹೊತ್ತಿಗೆ ಕೂತೇ ಇದ್ದವರನ್ನು ಬೇಕಾದರೆ ಅರಸಿಕರು ಅನ್ನಿ.